ಹಳೇ ಟ್ರ್ಯಾಕ್ಟರ್ ಇಂಜಿನ್ ಆಯಿಲ್ ಸೋರ್ತಿದ್ಯಾ? ಪ್ಯಾಕಿಂಗ್ ತರೋಕೆ ಮುಂಚೆ ಎಲ್ಲಿಂದ ಅಂತ ಹುಡುಕಿ

ರಾತ್ರಿ ನಿಲ್ಸಿದ್ ಟ್ರ್ಯಾಕ್ಟರ್ ಕೆಳಗೆ ಬೆಳಿಗ್ಗೆ ನೋಡಿದ್ರೆ ಕರ್ರಗೆ ಆಯಿಲ್ ಬಿದ್ದಿರುತ್ತೆ, ಬಗ್ಗಿ ನೋಡಿದ್ರೆ ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಳದಲ್ಲಿ ಒಂದು ಹನಿ ತೂಗ್ತಿರುತ್ತೆ, ಸರಿ ಚೇಂಬರ್ ಪ್ಯಾಕಿಂಗೇ (ಎರಡು ಭಾಗದ ಮಧ್ಯೆ ಸೋರದಂಗೆ ಇಡೋ ಗ್ಯಾಸ್ಕೆಟ್) ಹೋಗಿದೆ ಅಂತ ತೀರ್ಮಾನ ಮಾಡಿ ಬಿಚ್ಚೋಕೆ ಕೂತ್ಕೋತೀವಿ. ನಾನೂ ಹಂಗೇ ಮಾಡಿದ್ದೆ. ನಮ್ಮ ಮೂರು ಸಿಲಿಂಡರ್ ಗಾಡಿಗೆ ಎರಡು ಸಲ ಚೇಂಬರ್ ಪ್ಯಾಕಿಂಗ್ ಹಾಕ್ದೆ, ಎರಡು ಸಲಾನೂ ವಾರದೊಳಗೆ ಮತ್ತೆ ಅದೇ ಜಾಗದಲ್ಲಿ ಅದೇ ಹನಿ. ಆಮೇಲೆ ಇಂಜಿನ್ ಪೂರ್ತಿ ತೊಳೆದು ಟಾರ್ಚ್ ಹಿಡ್ಕೊಂಡು ನೋಡಿದಾಗ ಗೊತ್ತಾಯ್ತು, ಸೋರ್ತಿದ್ದದ್ದು ಮೇಲ್ಗಡೆ, ಆಯಿಲ್ ಪ್ರೆಶರ್ ಮೀಟರ್‌ಗೆ ಹೋಗೋ ಸಣ್ಣ ತಾಮ್ರದ ಪೈಪು ನಟ್ ಹತ್ರ ಕೂದಲಷ್ಟು ಸೀಳಿತ್ತು. ಅದಕ್ಕೇ ಈ ಬರಹದಲ್ಲಿ ಅರ್ಧಕ್ಕರ್ಧ ಹುಡುಕೋ ಕೆಲಸದ ಬಗ್ಗೆನೇ ಬರೆದಿದೀನಿ, ರಿಪೇರಿ ಆಮೇಲೆ.

ಆಯಿಲ್ ಕೆಳಗೆ ಇಳಿಯುತ್ತೆ, ಜೊತೆಗೆ ಮುಂದಿನ ಫ್ಯಾನಿನ ಗಾಳಿ ಅದನ್ನ ಹಿಂದಕ್ಕೆ ತಳ್ಳುತ್ತೆ. ಹಂಗಾಗಿ ಹನಿ ಬೀಳೋ ಜಾಗಕ್ಕಿಂತ ಸೋರೋ ಜಾಗ ಹೆಚ್ಚಾಗಿ ಮೇಲಕ್ಕೆ, ಮುಂದಕ್ಕೆ ಇರುತ್ತೆ. ಹುಡುಕುವಾಗ ಯಾವಾಗ್ಲೂ ಒದ್ದೆ ಇರೋ ಭಾಗದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ, ಎಲ್ಲಕ್ಕಿಂತ ಮುಂದಿನ ಜಾಗ ಯಾವುದು ಅಂತ ನೋಡಿ.

ಸ್ಪ್ಯಾನರ್ ಮುಟ್ಟೋಕೆ ಮುಂಚೆ ಗೇಜ್ ಕಡ್ಡಿ

ಟ್ರ್ಯಾಕ್ಟರ್‌ನ ಸಮ ನೆಲದಲ್ಲಿ ನಿಲ್ಸಿ, ಇಂಜಿನ್ ಆಫ್ ಮಾಡಿ ಒಂದು ಹತ್ತು ನಿಮಿಷ ಬಿಟ್ಟು ಆಯಿಲ್ ಗೇಜ್ ಎಳೆದು ನೋಡಿ. ಲೆವೆಲ್ ಮೇಲಿನ ಗೆರೆಗಿಂತ ಜಾಸ್ತಿ ಇದ್ರೆ ಮೊದ್ಲು ಅದೇ ಕಾರಣ ಇರಬಹುದು, ಯಾರೋ ಸೋರ್ತಿದೆ ಅಂತ ಅಂದಾಜಲ್ಲಿ ಸುರಿದಿರ್ತಾರೆ, ಒಳಗೆ ತಿರುಗೋ ಕ್ರ್ಯಾಂಕ್ ಶಾಫ್ಟ್ ಆಯಿಲ್‌ನ ಬಡಿದು ನೊರೆ ಮಾಡಿ ಸೀಲುಗಳ (ತಿರುಗೋ ಶಾಫ್ಟ್ ಸುತ್ತ ಆಯಿಲ್ ತಡೆಯೋ ರಿಂಗುಗಳ) ಮೇಲೆ ಎಸೀತಿರುತ್ತೆ.

ಆದ್ರೆ ಯಾರೂ ಹಾಕಿಲ್ಲ ಆದ್ರೂ ಲೆವೆಲ್ ಏರ್ತಾ ಇದೆ ಅಂದ್ರೆ ಅದು ಬೇರೆ ವಿಷಯ, ಹುಷಾರಾಗಿರಿ. ಕಡ್ಡೀನ ಮೂಸಿ ನೋಡಿ, ಬೆರಳಲ್ಲಿ ಉಜ್ಜಿ ನೋಡಿ. ಡೀಸೆಲ್ ವಾಸನೆ ಬಂದು ಆಯಿಲ್ ನೀರಿನ ಥರ ತೆಳ್ಳಗಿದ್ರೆ ಟ್ಯಾಂಕಿಂದ ಡೀಸೆಲ್ ಎಳೆಯೋ ಫೀಡ್ ಪಂಪಿನ ಡಯಾಫ್ರಂ (ಒಳಗಿನ ಪೊರೆ) ಹರಿದು ಡೀಸೆಲ್ ಒಳಗೆ ಬೀಳ್ತಿರುತ್ತೆ, ಇಲ್ಲಾಂದ್ರೆ ಡೀಸೆಲ್ ಪಂಪಿನ ಶಾಫ್ಟ್ ಸೀಲ್ ಹೋಗಿರುತ್ತೆ. ತೆಳ್ಳಗಾದ ಆಯಿಲ್ ಎಲ್ಲಾ ಕಡೆಯಿಂದ್ಲೂ ಜಿನುಗುತ್ತೆ, ನೀವು ಯಾವ ಪ್ಯಾಕಿಂಗ್ ಬದಲಾಯಿಸಿದ್ರೂ ನಿಲ್ಲಲ್ಲ, ಅದಕ್ಕಿಂತ ಮುಖ್ಯವಾಗಿ ಬೇರಿಂಗ್ ಹಾಳಾಗುತ್ತೆ, ಲೆವೆಲ್ ತುಂಬಾ ಏರಿದ್ರೆ ಇಂಜಿನ್ ತನ್ನ ಆಯಿಲ್‌ನೇ ಸುಟ್ಕೊಂಡು ಆಫ್ ಮಾಡಿದ್ರೂ ನಿಲ್ಲದೆ ರೇಸ್ ಆಗೋ ಅಪಾಯಾನೂ ಇದೆ. ಹಂಗಿದ್ರೆ ಗಾಡಿ ಸ್ಟಾರ್ಟೇ ಮಾಡಬೇಡಿ, ಪಂಪ್ ಸರಿ ಮಾಡಿಸಿ, ಆಯಿಲ್ಲು, ಫಿಲ್ಟರ್ರು ಎರಡೂ ಬದಲಾಯಿಸಿ, ಆಮೇಲೆ ಈ ಬರಹಕ್ಕೆ ವಾಪಸ್ ಬನ್ನಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ರೇಡಿಯೇಟರ್ ನೀರು ಸೇರ್ತಿದೆ ಅಂತ, ಅದೂ ಪ್ಯಾಕಿಂಗ್ ಬದಲಾಯಿಸಿ ಸರಿ ಹೋಗೋ ಸೋರಿಕೆ ಅಲ್ಲ, ಒಳಗಿನ ಕೆಲಸ.

ಬ್ರೀದರ್ ಮರೀಬೇಡಿ

ನನ್ನ ಅನುಭವದಲ್ಲಿ ಜನ ಎಲ್ಲಕ್ಕಿಂತ ಕಡಿಮೆ ಗಮನ ಕೊಡೋದು ಇದಕ್ಕೇನೇ. ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ರೂ ಸ್ವಲ್ಪ ಗ್ಯಾಸ್ ಕೆಳಗೆ ಚೇಂಬರ್‌ಗೆ ಇಳಿದೇ ಇಳಿಯುತ್ತೆ, ಅದು ಹೊರಗೆ ಹೋಗೋಕೆ ಅಂತ ಬ್ರೀದರ್ ಪೈಪ್ ಕೊಟ್ಟಿರ್ತಾರೆ, ಕೆಲವು ಇಂಜಿನ್‌ಗೆ ಟ್ಯಾಪೆಟ್ ಕವರ್ (ಇಂಜಿನ್ ತಲೆ ಮೇಲಿನ ಮುಚ್ಚಳ) ಮೇಲೆ, ಕೆಲವಕ್ಕೆ ಪಕ್ಕದಲ್ಲಿ ಕೆಳಮುಖ ಪೈಪು. ಆ ಪೈಪ್ ಒಳಗೆ ಧೂಳು ಜಿಡ್ಡು ಸೇರಿ ಗಟ್ಟಿಯಾಗಿ ಕಟ್ಕೊಂಡ್ರೆ, ಇಲ್ಲಾ ಕಣಜ ಗೂಡು ಕಟ್ಟಿದ್ರೆ, ಒಳಗಿನ ಒತ್ತಡ ಹೋಗೋಕೆ ದಾರಿ ಇಲ್ದೆ ಯಾವ ಸೀಲ್ ಮೆತ್ತಗಿದ್ಯೋ ಅಲ್ಲಿಂದ ಆಯಿಲ್‌ನ ಹೊರಗೆ ದಬ್ಬುತ್ತೆ. ಒಂದೇ ಸಲ ಮೂರ್ನಾಲ್ಕು ಕಡೆ ಸೋರೋಕೆ ಶುರುವಾಯ್ತು ಅಂದ್ರೆ ಮೊದಲ ಅನುಮಾನ ಬ್ರೀದರ್ ಮೇಲೆ ಇರಲಿ.

ಬಿಚ್ಚಿ ಡೀಸೆಲ್‌ನಲ್ಲಿ ನೆನೆಸಿ, ಒಳಗೆ ತಂತಿ ಬಲೆ ಇದ್ರೆ ಅದನ್ನೂ ತೊಳೆದು, ಗಾಳಿ ಹೊಡೆದು ಒಣಗಿಸಿ ಹಾಕಿ. ಆಮೇಲೆ ಇಂಜಿನ್ ಬಿಸಿ ಮಾಡಿ, ಸ್ಲೋ ಸ್ಪೀಡಲ್ಲಿ ಬಿಟ್ಟು ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ಸಡಿಲ ಮಾಡಿ ಸುಮ್ನೆ ತೂತಿನ ಮೇಲೆ ಇಡಿ. ಸ್ವಲ್ಪ ನಡುಗಿದ್ರೆ ಪರವಾಗಿಲ್ಲ. ಮುಚ್ಚಳ ಕುಣಿದು ಆಚೆ ಬೀಳ್ತಿದ್ರೆ, ಹೊಗೆ ಬುಸ್ ಬುಸ್ ಅಂತ ಬರ್ತಿದ್ರೆ ಪಿಸ್ಟನ್ ರಿಂಗು, ಲೈನರ್ (ಪಿಸ್ಟನ್ ಓಡಾಡೋ ಕೊಳವೆ) ಸವೆದಿದೆ. ಅಂಥ ಇಂಜಿನ್‌ಗೆ ನೀವು ಎಂಥಾ ಒಳ್ಳೇ ಪ್ಯಾಕಿಂಗ್ ಹಾಕಿದ್ರೂ ಬಹಳ ದಿನ ನಿಲ್ಲಲ್ಲ, ಮೊದ್ಲು ಕಂಪ್ರೆಷನ್ ಚೆಕ್ ಮಾಡಿಸಿ, ಬೋರ್ ಕೆಲಸ (ಸವೆದ ರಿಂಗು ಲೈನರ್ ರಿಪೇರಿ) ಮಾಡ್ಸೋದಿದ್ರೆ ಎಲ್ಲಾ ಪ್ಯಾಕಿಂಗ್ ಆಗ್ಲೇ ಒಟ್ಟಿಗೆ ಹಾಕ್ಸೋದು ಉಳಿತಾಯ.

ತೊಳೆದು ಪೌಡರ್ ಹಾಕಿ ನೋಡೋದು

ಇಂಜಿನ್ ತಣ್ಣಗಾಗಿರಬೇಕು. ಬಿಸಿ ಇಂಜಿನ್ ಮೇಲೆ, ಅದ್ರಲ್ಲೂ ಡೀಸೆಲ್ ಪಂಪ್ ಮೇಲೆ ತಣ್ಣೀರು ಜೋರಾಗಿ ಹೊಡೆದ್ರೆ ಪಂಪ್ ಒಳಗಿನ ಭಾಗ ಹಿಡ್ಕೊಂಡುಬಿಡಬಹುದು, ಅಲ್ಲಿನ ಅಂತರ ಅಷ್ಟು ಸಣ್ಣದು. ಡೈನಮೋ, ಸೆಲ್ಫ್ ಮೋಟರ್, ಏರ್ ಕ್ಲೀನರ್ ಬಾಯಿ, ಬ್ರೀದರ್ ಇವಕ್ಕೆಲ್ಲ ಪ್ಲಾಸ್ಟಿಕ್ ಕವರ್ ಸುತ್ತಿ. ದಪ್ಪ ಕೊಳೇನ ಮರದ ಚೂರಲ್ಲಿ ಕೆರೆದು, ಡೀಸೆಲ್ ಬ್ರಷ್ ಮಾಡಿ, ಸೋಪು ನೀರು ಹಾಕಿ ತೊಳೀರಿ. ಪೆಟ್ರೋಲ್ ಮಾತ್ರ ಬೇಡ, ಅದರ ಆವಿ ಒಂದು ಕಿಡಿ ಸಿಕ್ರೆ ಸಾಕು ಹೊತ್ಕೊಳ್ಳುತ್ತೆ. ಪೂರ್ತಿ ಒಣಗಿದ ಮೇಲೆ ಅನುಮಾನ ಇರೋ ಜಾಯಿಂಟ್ ಸುತ್ತ ಟಾಲ್ಕಂ ಪೌಡರ್ ಇಲ್ಲಾ ಸೀಮೆಸುಣ್ಣದ ಪುಡಿ ಉದುರಿಸಿ, ಇಲ್ಲಾ ಬ್ರಷ್‌ನಲ್ಲಿ ತೆಳ್ಳಗೆ ಬಳೀರಿ. ಈಗ ಸ್ಟಾರ್ಟ್ ಮಾಡಿ, ಸ್ಲೋಗಿಂತ ಸ್ವಲ್ಪ ಜಾಸ್ತಿ ರೇಸಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡಿ, ಆಯಿಲ್ ಬಿಸಿಯಾಗಿ ತೆಳ್ಳಗಾದ್ಮೇಲೇ ನಿಜವಾದ ಸೋರಿಕೆ ಹೊರಗೆ ಬರೋದು. ಬಿಳಿ ಪುಡಿ ಮೇಲೆ ಮೊದಲು ಕಪ್ಪು ಗೆರೆ ಮೂಡೋ ಜಾಗವೇ ನಿಮಗೆ ಬೇಕಾಗಿರೋದು, ಆಗಿಂದಾಗ್ಲೇ ಅದರ ಫೋಟೋ ತೆಗೆದಿಟ್ಕೊಳ್ಳಿ ಯಾಕಂದ್ರೆ ಹತ್ತು ನಿಮಿಷ ಬಿಟ್ರೆ ಸುತ್ತಮುತ್ತ ಎಲ್ಲಾ ಒದ್ದೆಯಾಗಿ ಮತ್ತೆ ಮೊದಲಿನ ಥರಾನೇ ಆಗುತ್ತೆ. ಇಂಜಿನ್ ಓಡ್ತಿರೋವಾಗ ಹತ್ರ ಬಗ್ಗಿ ನೋಡ್ತೀರ, ಹೆಗಲ ಮೇಲಿನ ಟವಲ್ಲು, ಸಡಿಲ ತೋಳಿನ ಅಂಗಿ ಎಲ್ಲಾ ತೆಗೆದಿಟ್ಟು ಬನ್ನಿ, ಫ್ಯಾನ್ ಬೆಲ್ಟ್ ಯಾರನ್ನೂ ಬಿಡಲ್ಲ. ಹ್ಯಾಂಡ್ ಬ್ರೇಕ್ ಹಾಕಿರಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟಿರಿ, ಗೇರ್ ನ್ಯೂಟ್ರಲ್‌ನಲ್ಲಿರಲಿ.

ಎಷ್ಟು ಸೋರ್ತಿದೆ ಅಂತ ಅಂದಾಜಿಗೆ ರಾತ್ರಿ ಕೆಳಗೆ ರಟ್ಟು ಹಾಸಿಡಿ, ಹನಿ ಬಿದ್ದ ಜಾಗಾನೂ ಗೊತ್ತಾಗುತ್ತೆ. ನಿಮಿಷಕ್ಕೆ ಒಂದು ಹನಿ ಅಂದ್ರೆ ದಿನಕ್ಕೆ 1440 ಹನಿ, ಸುಮಾರು 60-70 ಮಿಲಿ, ಕಣ್ಣಿಗೆ ಸಣ್ಣದಾಗಿ ಕಂಡ್ರೂ ಎರಡು ವಾರಕ್ಕೆ ಲೀಟರ್ ಹತ್ರ ಹೋಗುತ್ತೆ.

ಪ್ರೆಶರ್ ಇರೋ ಕಡೆಯಾ, ಇಲ್ಲದ ಕಡೆಯಾ

ಜಾಗ ಸಿಕ್ಕಿದ ಮೇಲೆ ಈ ಒಂದು ಪ್ರಶ್ನೆ ಕೇಳ್ಕೊಳ್ಳಿ, ಯಾಕಂದ್ರೆ ಎಷ್ಟು ಅರ್ಜೆಂಟ್ ಅನ್ನೋದು ಇದ್ರ ಮೇಲೇ ನಿಂತಿದೆ. ಟ್ಯಾಪೆಟ್ ಕವರ್, ಸೈಡ್ ಕವರ್, ಟೈಮಿಂಗ್ ಕವರ್, ಚೇಂಬರ್, ಮುಂದಿನ ಹಿಂದಿನ ಕ್ರ್ಯಾಂಕ್ ಸೀಲ್ ಇಲ್ಲೆಲ್ಲ ಆಯಿಲ್ ಸುಮ್ನೆ ಚಿಮ್ಮಿ ಇಳಿದು ಹೋಗ್ತಿರುತ್ತೆ, ಪಂಪಿನ ಪ್ರೆಶರ್ ಇರಲ್ಲ. ಇಲ್ಲಿ ಸೋರಿದ್ರೆ ದಿನಾ ಲೆವೆಲ್ ನೋಡ್ಕೊಂಡು ಕೆಲಸ ಮುಗಿಯೋವರೆಗೂ ಓಡಿಸಬಹುದು. ಆದ್ರೆ ಮೀಟರ್ ಪೈಪು, ಪ್ರೆಶರ್ ಸ್ವಿಚ್ಚು, ಫಿಲ್ಟರ್ ಕೂರೋ ಜಾಗ, ಟ್ಯಾಪೆಟ್‌ಗೆ ಆಯಿಲ್ ಕೊಡೋ ಹೊರಗಿನ ಪೈಪು ಇವೆಲ್ಲ ಪಂಪಿನ ಪ್ರೆಶರ್ ಇರೋ ಜಾಗ. ಇವತ್ತು ಜಿನುಗ್ತಿರೋ ಬಿರುಕು ನಾಳೆ ಉಳುಮೆ ಮಧ್ಯೆ ಪೂರ್ತಿ ಕಿತ್ಕೊಂಡ್ರೆ ಕೆಲವೇ ನಿಮಿಷದಲ್ಲಿ ಚೇಂಬರ್ ಖಾಲಿ, ಕ್ರ್ಯಾಂಕ್ ಜಾಮ್. ಪ್ರೆಶರ್ ಇರೋ ಕಡೆ ಸೋರಿಕೆ ಕಂಡ್ರೆ ಗಾಡಿ ನಿಲ್ಸಿ ಅವತ್ತೇ ಸರಿ ಮಾಡಿ.

ಸುಲಭದ್ದು ಮೊದ್ಲು

ಫಿಲ್ಟರ್ ಹತ್ರ ಸೋರ್ತಿದ್ರೆ ಹೆಚ್ಚಾಗಿ ಕಾರಣ ಹಳೇ ರಬ್ಬರ್ ರಿಂಗ್. ಬಟ್ಟಲು ಥರದ ಫಿಲ್ಟರ್ ಇರೋ ಹಳೇ ಇಂಜಿನ್‌ನಲ್ಲಿ ರಿಂಗ್ ಮೇಲ್ಗಡೆಯ ತೋಡಿನೊಳಗೆ ಅಂಟ್ಕೊಂಡು ಲೋಹದ ಥರಾನೇ ಗಟ್ಟಿಯಾಗಿ ಕೂತಿರುತ್ತೆ, ಅದನ್ನ ತೆಗೀದೆ ಅದರ ಮೇಲೇ ಹೊಸದು ಹಾಕಿಬಿಡ್ತಾರೆ, ಎರಡು ರಿಂಗ್ ಒಂದರ ಮೇಲೊಂದು ಸರಿಯಾಗಿ ಕೂರಲ್ಲ. ಚೂಪಾದ ಸೂಜೀಲಿ ಹಳೇದನ್ನ ಪೂರ್ತಿ ಎಬ್ಬಿಸಿ ತೆಗೆದು, ತೋಡು ಒರೆಸಿ, ಹೊಸ ರಿಂಗ್‌ಗೆ ಆಯಿಲ್ ಸವರಿ ಹಾಕಿ. ತಿರುಗಿಸಿ ಹಾಕೋ ಡಬ್ಬಿ ಫಿಲ್ಟರ್ ಆದ್ರೆ ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು, ಅಷ್ಟೇ, ಸ್ಪ್ಯಾನರ್ ಬೇಡ.

ಡ್ರೈನ್ ಬೋಲ್ಟು ಜಿನುಗಿದ್ರೆ ತಾಮ್ರದ ವಾಷರ್ ಬದಲಾಯಿಸಿ. ಹೊಸದು ಸಿಗ್ಲಿಲ್ಲ ಅಂದ್ರೆ ಹಳೇದನ್ನ ಬೆಂಕೀಲಿ ಮಂದ ಕೆಂಪು ಆಗೋವರೆಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆತ್ತಗಾಗುತ್ತೆ, ಎರಡೂ ಮುಖ ಸಣ್ಣ ಉಪ್ಪುಕಾಗದದಲ್ಲಿ ತಿಕ್ಕಿ, ಒರೆಸಿ ಹಾಕಿ. ಸೋರ್ತಿದೆ ಅಂತ ಬೋಲ್ಟನ್ನ ಉದ್ದ ಹ್ಯಾಂಡಲ್ ಹಾಕಿ ಬಿಗಿದು ಚೇಂಬರ್ ಥ್ರೆಡ್ ತಿಂದುಹಾಕಿದವರನ್ನ ಬಹಳ ನೋಡಿದೀನಿ, ಹಂಗೆ ಮಾಡಬೇಡಿ.

ಮೀಟರ್ ಪೈಪ್ ಸೀಳಿದ್ರೆ ಬೆಸುಗೆ ಹಾಕಿಸಿ ತೃಪ್ತಿ ಪಡಬೇಡಿ, ಇಂಜಿನ್ ನಡುಗೋದಕ್ಕೇ ಅದು ಸೀಳಿರೋದು, ಮತ್ತೆ ಪಕ್ಕದಲ್ಲೇ ಸೀಳುತ್ತೆ. ಹೊಸ ಪೈಪ್ ಹಾಕಿ, ಮಧ್ಯೆ ಒಂದು ಸುರುಳಿ ಸುತ್ತಿ ಬಿಡಿ, ಕ್ಲಿಪ್ ಹಾಕಿ ಹಿಡಿಸಿ, ಆಗ ನಡುಕ ಆ ಸುರುಳಿ ತಡ್ಕೊಳ್ಳುತ್ತೆ.

ಟ್ಯಾಪೆಟ್ ಕವರ್

ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇಲ್ಲಿ ಕಲಿತ ಕೈ ಉಳಿದೆಲ್ಲ ಕವರ್‌ಗೂ ಉಪಯೋಗಕ್ಕೆ ಬರುತ್ತೆ. ಬೋಲ್ಟ್ ತೆಗೆದು ಕವರ್ ಬರ್ಲಿಲ್ಲ ಅಂದ್ರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಮರದ ಸುತ್ತಿಗೇಲಿ ಪಕ್ಕದಿಂದ ಬಡೀರಿ. ಹಳೇ ಕಾರ್ಕ್ ಪ್ಯಾಕಿಂಗ್ ಗಟ್ಟಿಯಾಗಿ ಚೂರು ಚೂರಾಗಿ ಬರುತ್ತೆ, ಒಂದು ಚೂರೂ ಒಳಗೆ ಬೀಳಬಾರದು, ಹೆಡ್ ಮೇಲಿನ ತೂತುಗಳಿಗೆ ಶುಭ್ರ ಬಟ್ಟೆ ತುರುಕಿ, ಎಷ್ಟು ಬಟ್ಟೆ ಇಟ್ರಿ ಅಂತ ಎಣಿಸಿಟ್ಕೊಳ್ಳಿ. ಮೇಲ್ಮೈನ ಹಿತ್ತಾಳೆ ಚೂರಲ್ಲೋ ಮೊಂಡು ಕತ್ತಿಯಲ್ಲೋ ಕೆರೀರಿ. ಉಪ್ಪುಕಾಗದದ ಚಕ್ರ ಹಾಕಿದ ಗ್ರೈಂಡರ್ ಇಲ್ಲಿ ತರಲೇಬೇಡಿ, ಅದರ ಪುಡಿ ಆಯಿಲ್‌ಗೆ ಸೇರಿ ನೇರ ಬೇರಿಂಗ್‌ಗೆ ಹೋಗುತ್ತೆ.

ಈಗ ಕವರ್ ತಿರುಗಿಸಿ ಒಂದು ಗಾಜಿನ ಮೇಲೋ ಸಮವಾದ ಕಬ್ಬಿಣದ ಹಲಗೆ ಮೇಲೋ ಇಟ್ಟು ನೋಡಿ. ತಗಡಿನ ಕವರ್ ಆದ್ರೆ ಬೋಲ್ಟ್ ತೂತಿನ ಸುತ್ತ ಒಳಕ್ಕೆ ತಗ್ಗಿರುತ್ತೆ, ವರ್ಷಗಟ್ಟಲೆ ಸೋರಿದಾಗಲೆಲ್ಲ ಬಿಗಿದೂ ಬಿಗಿದೂ ಹಂಗಾಗಿರೋದು. ತೂತಿನ ಹತ್ರ ಪ್ಯಾಕಿಂಗ್ ಹಿಚುಕಿ ಹೋಗುತ್ತೆ, ಎರಡು ತೂತಿನ ಮಧ್ಯೆ ತಗಡು ಎದ್ದು ಸಂದಿ ಬಿಡುತ್ತೆ, ಸೋರೋದು ಅಲ್ಲಿ. ಗಟ್ಟಿ ಮರದ ಅಂಚಿನ ಮೇಲಿಟ್ಟು ಸಣ್ಣ ಸುತ್ತಿಗೇಲಿ ನಿಧಾನಕ್ಕೆ ತಟ್ಟಿ ಆ ತಗ್ಗನ್ನ ಸಮ ಮಾಡಿ. ಈ ಕೆಲಸ ಮಾಡದೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದ್ರೂ ದುಡ್ಡು ದಂಡ.

ಕಾರ್ಕ್ ಪ್ಯಾಕಿಂಗ್ ಬಹಳ ದಿನ ಇಟ್ಟು ಒಣಗಿ ಕುಗ್ಗಿದ್ರೆ, ಬೋಲ್ಟ್ ತೂತು ಕೂಡ್ತಿಲ್ಲ ಅಂದ್ರೆ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಹಿಗ್ಗುತ್ತೆ. ಒರೆಸಿ ಒಣಗಿಸಿ, ಕವರ್ ಕಡೆಗೆ ಮಾತ್ರ ಶೆಲಾಕ್ (ಅರಗಿನ ಅಂಟು) ಇಲ್ಲಾ ಗ್ಯಾಸ್ಕೆಟ್ ಪೇಸ್ಟ್ ತೆಳ್ಳಗೆ ಹಚ್ಚಿ ಅಂಟಿಸಿ ಭಾರ ಇಟ್ಟು ಬಿಡಿ, ಹೆಡ್ ಕಡೆಗೆ ಬರೀ ಗ್ರೀಸ್ ಸವರಿ. ಟ್ಯಾಪೆಟ್ ಅಡ್ಜಸ್ಟ್ ಮಾಡೋಕೆ ಮುಂದೆ ಮತ್ತೆ ಕವರ್ ಬಿಚ್ಚಬೇಕಾಗುತ್ತಲ್ಲ, ಆಗ ಪ್ಯಾಕಿಂಗ್ ಹರಿಯದೆ ಕವರ್ ಜೊತೆಗೇ ಬರುತ್ತೆ. ಬೋಲ್ಟುಗಳನ್ನ ಮಧ್ಯದಿಂದ ಶುರು ಮಾಡಿ ಅಂಚಿನ ಕಡೆಗೆ ಎರಡು ಮೂರು ಸುತ್ತಲ್ಲಿ ಸಮವಾಗಿ ಬಿಗೀರಿ, ಕಾರ್ಕ್ ಸ್ವಲ್ಪ ಒತ್ತಿಕೊಂಡ್ರೆ ಸಾಕು, ಪಕ್ಕಕ್ಕೆ ಉಬ್ಬಿ ಬಂತು ಅಂದ್ರೆ ಜಾಸ್ತಿ ಆಯ್ತು.

ಸಿಲಿಕಾನ್ ಪೇಸ್ಟ್ ಬಗ್ಗೆ ಒಂದು ಮಾತು. ಹೊರಗೆ ಎಷ್ಟು ಉಬ್ಬಿ ಬಂದಿರುತ್ತೋ ಒಳಗೂ ಅಷ್ಟೇ ಬಂದಿರುತ್ತೆ, ಒಣಗಿ ಹುಳದ ಥರ ಕಿತ್ಕೊಂಡು ಚೇಂಬರ್‌ಗೆ ಬಿದ್ದು ಆಯಿಲ್ ಪಂಪಿನ ಜಾಲರಿ ಮುಚ್ಚುತ್ತೆ. ಎಲ್ಲಿ ಬೇಕೋ ಅಲ್ಲಿ, ಒಂದು ತೆಳು ಪದರ. ಹಚ್ಚಿದ ಮೇಲೆ ಡಬ್ಬಿ ಮೇಲೆ ಬರೆದಿರೋಷ್ಟು ಹೊತ್ತು ಒಣಗೋಕೆ ಬಿಡಿ, ಆತುರಕ್ಕೆ ಸ್ಟಾರ್ಟ್ ಮಾಡಬೇಡಿ.

ರೆಡಿ ಪ್ಯಾಕಿಂಗ್ ಸಿಗದ ಹಳೇ ಮಾಡೆಲ್ ಆದ್ರೆ ಶೀಟ್ ತಂದು ಕತ್ತರಿಸ್ಕೊಳ್ಳಿ. ಕವರ್ ಅಂಚಿಗೆ ಗ್ರೀಸ್ ಸವರಿ ಶೀಟ್ ಮೇಲೆ ಒತ್ತಿದ್ರೆ ಅಚ್ಚು ಬೀಳುತ್ತೆ. ಶೀಟ್ ದಪ್ಪ ಮಾತ್ರ ಹಳೇದರಷ್ಟೇ ಇರಲಿ, ಅದ್ರಲ್ಲೂ ಫೀಡ್ ಪಂಪ್ ಪ್ಯಾಕಿಂಗ್ ದಪ್ಪ ಆದ್ರೆ ಪಂಪಿನ ಹೊಡೆತ ಕಮ್ಮಿಯಾಗಿ ಡೀಸೆಲ್ ಸಾಲದೆ ಬರಬಹುದು.

ಮುಂದಿನ ಕ್ರ್ಯಾಂಕ್ ಸೀಲ್

ಪುಲ್ಲಿ ಹಿಂದೆ ಒದ್ದೆ, ಫ್ಯಾನ್ ಬೆಲ್ಟ್ ಆಯಿಲ್ ಮಯ, ರೇಡಿಯೇಟರ್ ಕೆಳಭಾಗಕ್ಕೆ ಆಯಿಲ್ ಎಸೆದ ಗೆರೆ ಇದ್ರೆ ಇದೇ. ಪುಲ್ಲಿ ತೆಗೆಯೋಕೆ ಪುಲ್ಲರ್ ಬೇಕು, ಅಂಚು ಹಿಡಿದು ಬಡಿದ್ರೆ ಬೀಡು ಕಬ್ಬಿಣ ಒಡೆಯುತ್ತೆ. ಪುಲ್ಲಿ ಬಂದ ಮೇಲೆ ಸೀಲ್ ಉಜ್ಜೋ ಜಾಗದಲ್ಲಿ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಹಾಕ್ಕೊಳ್ಳೋಷ್ಟು ತೋಡು ಬಿದ್ದಿದ್ರೆ ಬರೀ ಹೊಸ ಸೀಲ್ ಹಾಕಿ ಪ್ರಯೋಜನ ಇಲ್ಲ. ಒಂದೋ ಸೀಲ್‌ನ ಮೊದಲಿನ ಜಾಗದಿಂದ ಎರಡು ಮೂರು ಮಿ.ಮೀ. ಒಳಗೋ ಹೊರಗೋ ಕೂರಿಸಿ ಅದರ ತುಟಿ ಸವೆಯದ ಜಾಗಕ್ಕೆ ತಾಗೋ ಹಾಗೆ ಮಾಡಿ, ಇಲ್ಲಾ ಪುಲ್ಲಿ ಮೇಲೆ ತೆಳ್ಳಗಿನ ಸ್ಟೀಲ್ ತೋಳು ಹಾಕ್ಸಿ. ಸೀಲಿನ ಸ್ಪ್ರಿಂಗ್ ಇರೋ ಮುಖ ಯಾವಾಗ್ಲೂ ಆಯಿಲ್ ಇರೋ ಕಡೆಗೆ. ತುಟಿಗೆ ಆಯಿಲ್ ಸವರಿ, ಸೀಲಿನ ಹೊರ ಅಳತೆಯ ಪೈಪ್ ತುಂಡೋ ಮರದ ತುಂಡೋ ಇಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿ. ಕೀ (ಪುಲ್ಲಿ ಶಾಫ್ಟ್ ಮೇಲೆ ಜಾರದಂಗೆ ಹಿಡಿಯೋ ಲೋಹದ ತುಂಡು) ಕೂರೋ ತೋಡಿನಲ್ಲೂ ಚೂರು ಪೇಸ್ಟ್ ಹಾಕಿ, ಆ ಸಂದಿಯಿಂದ ಆಯಿಲ್ ಬರೋದನ್ನ ಸೀಲ್ ತಡೆಯೋಕಾಗಲ್ಲ.

ಚೇಂಬರ್

ಬಹಳಷ್ಟು ಟ್ರ್ಯಾಕ್ಟರ್‌ಗೆ ಲಾರಿ ಥರ ಚಾಸಿ ಇರಲ್ಲ, ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿ ಅದೇ ಬೆನ್ನುಮೂಳೆ. ಕೆಲವಕ್ಕೆ ಬೀಡಿನ ಚೇಂಬರ್ರೇ ಮುಂದಿನ ಆಕ್ಸಲ್ ಭಾರ ಹೊತ್ತಿರುತ್ತೆ. ಅಂಥದ್ರಲ್ಲಿ ಚೇಂಬರ್ ಬೋಲ್ಟ್ ಬಿಚ್ಚೋದು ಅಂದ್ರೆ ಗಾಡಿ ಮುರಿದು ಬೀಳೋಕೆ ದಾರಿ ಮಾಡ್ಕೊಟ್ಟಂಗೆ, ಸರಿಯಾದ ಸ್ಟ್ಯಾಂಡ್, ಅನುಭವ ಇರೋರು ಇಲ್ದೆ ಕೈ ಹಾಕಬೇಡಿ. ಬರೀ ತಗಡಿನ ಚೇಂಬರ್ ಆದ್ರೆ ಮನೇಲೇ ಮಾಡಬಹುದು, ಟ್ಯಾಪೆಟ್ ಕವರ್ ಥರಾನೇ ಕೆಲಸ. ಮುಂದೆ ಹಿಂದೆ ಅರ್ಧಚಂದ್ರದ ಆಕಾರದ ತುಂಡು ಬರುತ್ತಲ್ಲ, ಅದು ಉದ್ದನೆ ಪ್ಯಾಕಿಂಗ್‌ಗೆ ಕೂಡೋ ನಾಲ್ಕು ಮೂಲೆಗೆ ಮಾತ್ರ ಒಂದೊಂದು ಬೊಟ್ಟು ಸಿಲಿಕಾನ್ ಇಡಿ, ಸೋರೋದು ಹೆಚ್ಚಾಗಿ ಆ ಮೂಲೇಲೇ. ಜಾಕ್ ಒಂದನ್ನೇ ನಂಬಿ ಯಾವತ್ತೂ ಟ್ರ್ಯಾಕ್ಟರ್ ಕೆಳಗೆ ಮಲಗಬೇಡಿ.

ಹಿಂದಿನ ಸೀಲ್

ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇರುತ್ತೆ, ಕೆಲವು ಮಾಡೆಲ್‌ನಲ್ಲಿ ಅದ್ರಲ್ಲಿ ಸ್ಪ್ಲಿಟ್ ಪಿನ್ ನೇತಾಡ್ತಿರುತ್ತೆ, ಅದು ಅಲುಗಾಡ್ತಾ ತೂತಿಗೆ ಮಣ್ಣು ಕಟ್ಟದಂಗೆ ನೋಡ್ಕೊಳ್ಳುತ್ತೆ. ಇಲ್ಲಿಂದ ಹನಿ ಬಿದ್ರೆ ತೂತು ಮುಚ್ಚೋ ಬುದ್ಧಿ ಮಾಡಬೇಡಿ, ಒಳಗೆ ನಿಂತ ಆಯಿಲ್ ಕ್ಲಚ್ ಪ್ಲೇಟಿಗೆ ಹತ್ತಿ ಕ್ಲಚ್ ಜಾರೋಕೆ ಶುರುವಾಗುತ್ತೆ. ಹನಿಯನ್ನ ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ಕಪ್ಪಗಿದ್ರೆ ಇಂಜಿನ್ ಆಯಿಲ್, ಜೇನಿನ ಬಣ್ಣ ಇದ್ದು ಗೇರ್ ಆಯಿಲ್ ಘಾಟು ಹೊಡೆದ್ರೆ ಗೇರ್ ಬಾಕ್ಸ್ ಶಾಫ್ಟ್ ಸೀಲ್.

ಇಂಜಿನ್ ಕಡೆಯದ್ದೇ ಆದ್ರೆ ಟ್ರ್ಯಾಕ್ಟರ್ ಎರಡು ಭಾಗ ಮಾಡಬೇಕು, ದೊಡ್ಡ ಕೆಲಸ. ಅದಕ್ಕೆ ಮುಂಚೆ ಟ್ಯಾಪೆಟ್ ಕವರ್ ಹಿಂದಿನ ಮೂಲೆ ಒಣಗಿದ್ಯಾ ಅಂತ ಇನ್ನೊಂದು ಸಲ ನೋಡಿ, ಅಲ್ಲಿಂದ ಇಳಿದ ಆಯಿಲ್ ಬ್ಲಾಕ್ ಬೆನ್ನಿನ ಮೇಲೆ ಹರಿದು ಇದೇ ತೂತಿನಿಂದ ಬರೋದುಂಟು. ಬಿಡಿಸಲೇಬೇಕು ಅಂದ್ರೆ, ಬ್ಯಾಟರಿ ವೈರ್ ತೆಗೆದು, ಮೊದಲ ಕೆಲಸ ಮುಂದಿನ ಆಕ್ಸಲ್ ಮತ್ತು ಅದರ ಸಪೋರ್ಟ್ ಮಧ್ಯೆ ಎರಡೂ ಕಡೆ ಮರದ ಬೆಣೆ ಬಡಿಯೋದು. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ ಮೇಲೆ ತೂಗ್ತಿರುತ್ತೆ, ಹಿಂಭಾಗ ಬೇರೆಯಾದ ಕ್ಷಣ ಇಂಜಿನ್ ಪಕ್ಕಕ್ಕೆ ಮಗುಚಿ ಬೀಳುತ್ತೆ, ಬೆಣೆ ಇಲ್ದೆ ಬಿಚ್ಚಿ ಕಾಲು ಕಳ್ಕೊಳ್ಳೋ ಕೆಲಸ ಬೇಡ. ಎರಡೂ ಭಾಗಕ್ಕೆ ಬೇರೆ ಬೇರೆ ಸ್ಟ್ಯಾಂಡ್. ಒಬ್ಬರೇ ಮಾಡೋದಲ್ಲ ಇದು, ಮೊದಲ ಸಲ ಮಾಡೋರು ಅನುಭವ ಇರೋ ಮೆಕ್ಯಾನಿಕ್ ಜೊತೆಗೇ ಮಾಡಿ.

ಪರ್ಕಿನ್ಸ್ ಎ.ಡಿ.3.152 ಥರದ ಹಳೇ ಇಂಜಿನ್‌ನಲ್ಲಿ ರಬ್ಬರ್ ಸೀಲ್ ಬದಲು ಎರಡು ಅರ್ಧ ಹೌಸಿಂಗ್‌ನಲ್ಲಿ ಹಗ್ಗದ ಸೀಲ್ ಬರುತ್ತೆ. ಹಗ್ಗದ ಎರಡು ತುದಿಗಳನ್ನ ಮೊದಲು ತೋಡಿಗೆ ಒತ್ತಿ, ಆಮೇಲೆ ಮಧ್ಯದ ಭಾಗ ಒತ್ತಿ, ದುಂಡು ಕಂಬಿಯಿಂದ ಉರುಳಿಸಿ ಕೂರಿಸಬೇಕು, ತುದಿಗಳು ಜಾಯಿಂಟ್ ಮುಖದಿಂದ 0.25 ರಿಂದ 0.5 ಮಿ.ಮೀ. ಹೊರಗೆ ಚಾಚಿರಬೇಕು, ಆಗ್ಲೇ ಎರಡು ತುದಿ ಒಂದಕ್ಕೊಂದು ಒತ್ಕೊಳ್ಳೋದು. ಒಳಮೈಗೆ ಗ್ರಾಫೈಟ್ ಗ್ರೀಸ್ ಸವರಿ. ಹಗ್ಗದ ಸೀಲ್ ಸ್ವಲ್ಪ ಜಿನುಗೋದು ಸಹಜ, ವಾರಕ್ಕೆ ನಾಲ್ಕು ಹನಿಗೋಸ್ಕರ ಗಾಡಿ ಎರಡು ಭಾಗ ಮಾಡೋದು ನನ್ನ ಲೆಕ್ಕದಲ್ಲಿ ಬೇಡ. ಬಿಚ್ಚಿದ ಮೇಲೆ ಮಾತ್ರ ಕ್ಯಾಮ್ ಶಾಫ್ಟ್ ಹಿಂದಿನ ಪ್ಲಗ್, ಗೇರ್ ಬಾಕ್ಸ್ ಶಾಫ್ಟ್ ಸೀಲ್, ಕ್ಲಚ್ ಪ್ಲೇಟ್, ಫ್ಲೈವೀಲ್ ನಡುವಿನ ಬೇರಿಂಗ್ ಎಲ್ಲಾ ನೋಡಿ ಬಿಡಿ, ಮತ್ತೆ ಬಿಚ್ಚೋ ಗೋಳು ತಪ್ಪುತ್ತೆ. ಕ್ರ್ಯಾಂಕ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದಾಗ ಆಟ ಇದ್ರೆ ಮೇನ್ ಬೇರಿಂಗ್ ಹೋಗಿದೆ, ಅದು ಸರಿ ಆಗದೆ ಯಾವ ಸೀಲೂ ಬಾಳಲ್ಲ.

ಸೋರಿಕೆ ನಿಲ್ಸೋ ಆಯಿಲ್ ಔಷಧಿ ಹಾಕಬಹುದಾ ಅಂತ ತುಂಬಾ ಜನ ಕೇಳ್ತಾರೆ. ಅದು ಗಟ್ಟಿಯಾದ ರಬ್ಬರ್ ಸೀಲನ್ನ ಸ್ವಲ್ಪ ಉಬ್ಬಿಸುತ್ತೆ, ಕೆಲವು ದಿನ ಅನುಕೂಲ ಆಗಬಹುದು. ಕಾರ್ಕ್‌ಗೆ, ಹಗ್ಗಕ್ಕೆ, ಸೀಳಿದ ಪೈಪಿಗೆ ಏನೂ ಮಾಡಲ್ಲ.

ಎಲ್ಲಾ ಜೋಡಿಸಿದ ಮೇಲೆ ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್ ಹಾಕಿ ಲೆವೆಲ್ ನೋಡಿ, ಸ್ಟಾರ್ಟ್ ಮಾಡಿದ ತಕ್ಷಣ ಪ್ರೆಶರ್ ಮೀಟರ್ ಮುಳ್ಳು ಏಳ್ತಾ ಅಂತ ನೋಡಿ, ಕೆಲವು ಸೆಕೆಂಡಲ್ಲಿ ಏಳದಿದ್ರೆ ಆಫ್ ಮಾಡಿ. ಇಪ್ಪತ್ತು ನಿಮಿಷ ಓಡಿಸಿ, ತಣ್ಣಗಾದ ಮೇಲೆ ಕವರ್ ಬೋಲ್ಟು ಒಂದು ಸಲ ಕೈ ಹದಕ್ಕೆ ನೋಡಿ, ಕಾರ್ಕ್ ಕೂತು ಸ್ವಲ್ಪ ಸಡಿಲ ಆಗಿರುತ್ತೆ. ರಾತ್ರಿ ಮತ್ತೆ ರಟ್ಟು ಹಾಸಿ. ಇಳಿಸಿದ ಹಳೇ ಆಯಿಲ್‌ನ ಹೊಲದ ಅಂಚಿಗೋ ಬಾವಿ ಪಕ್ಕಕ್ಕೋ ಚೆಲ್ಲಬೇಡಿ, ಮುಚ್ಚಳ ಇರೋ ಕ್ಯಾನಿಗೆ ತುಂಬಿಟ್ಟು ಹಳೇ ಆಯಿಲ್ ತಗೊಳ್ಳೋರಿಗೆ ಕೊಡಿ, ಒದ್ದೆಯಾದ ಬಟ್ಟೆಗಳನ್ನ ಗುಡ್ಡೆ ಹಾಕದೆ ಹರಡಿ ಒಣಗಿಸಿ.